ಸೀಟಿ ಇದ್ದ ಕಡೆ

ಅತ್ತಿಗೆ ಈ ಮನೆ ಬಿಟ್ಟು ಹೋಗುವ ವಿಷಯ ಹೇಳಿದ್ದು ಒಂದು ಬೆಳಿಗ್ಗೆ, ಹಾಲು ಉಕ್ಕುತ್ತಿದ್ದಾಗ. ಒಂದು ಕೈಯಲ್ಲಿ ಪಾತ್ರೆ ಇಳಿಸುತ್ತಾ, ಇನ್ನೊಂದು ಕೈಯಲ್ಲಿ ಒಲೆ ಒರೆಸುತ್ತಾ, ನನ್ನ ಕಡೆ ತಿರುಗಿ ಕೂಡ ನೋಡದೆ ಹೇಳಿದರು.

"ಮುಂದಿನ ತಿಂಗಳು ನಾವು ಹೊಸ ಮನೆಗೆ ಹೋಗ್ತೀವಿ. ಲಿಫ್ಟ್ ಇದೆ. ಅಡುಗೆಮನೆ ಹಿಂದುಗಡೆ ಇದೆ, ಯಾರೂ ಇಣುಕಿ ನೋಡಲ್ಲ."

ನಾವು ಎಂದರೆ ಅವರು ಮತ್ತು ನನ್ನ ಅಣ್ಣ. ಆ ಲೆಕ್ಕದಲ್ಲಿ ನಾನಿರಲಿಲ್ಲ.

ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದು ನಿವೃತ್ತಳಾದವಳು ನಾನು. ಜೀವಮಾನವೆಲ್ಲ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿದ್ದಕ್ಕೆ ಮನೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ ಪೀಪಿ ಎಂದು. ಹಾಗಾಗಿ ಹಿಂದೆ ಮುಂದೆ ನೋಡದೆ, "ಹೋಗಿ! ನಿಮ್ಮನ್ನ ಇಲ್ಲಿ ಯಾರು ಕಟ್ಟಿಹಾಕಿದ್ದಾರೆ?" ಎಂದುಬಿಟ್ಟೆ.

ಆಮೇಲೆ ನಾಲಿಗೆ ಕಚ್ಚಿಕೊಂಡೆ. ಕಚ್ಚಿಕೊಂಡು ಏನು ಪ್ರಯೋಜನ? ಅತ್ತಿಗೆ ಹೋದರೆ ಈ ಮನೆಯಲ್ಲಿ ನಾನು ಜಗಳ ಆಡುವುದು ಯಾರ ಜೊತೆ, ಕಿಟಕಿಗಳ ಜೊತೆಯೇ? ನನಗೆ ಅವರು ಬೇಕು. ಅವರ ಬೈಗುಳ ಬೇಕು, ಅವರ ಸಪ್ಪೆ ಚಹಾ ಬೇಕು. ಅದನ್ನು ಹೇಳುವ ಬಾಯಿಯೊಂದನ್ನು ಮಾತ್ರ ದೇವರು ನನಗೆ ಕೊಡಲಿಲ್ಲ.

ಅಣ್ಣ ಅಲ್ಲೇ ಮೇಜಿನ ಹತ್ತಿರ ಕೂತಿದ್ದ. ಅವನು ಗಡಿಯಾರ ರಿಪೇರಿ ಮಾಡುವವನು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಿಂಡಿ ತಿನ್ನುತ್ತಾನೆ. "ಮುಂದಿನ ತಿಂಗಳು ಹೊಸ ಮನೆಗೆ ಹೋಗ್ತೀವಿ ಅಂತ ಅವಳು ಹೇಳಿದಳು. ನಿಮ್ಮನ್ನ ಯಾರು ಕಟ್ಟಿಹಾಕಿದ್ದಾರೆ ಅಂತ ನೀನು ಹೇಳಿದೆ. ಕೇಳಿಸ್ತು," ಎಂದ. ಅಷ್ಟೇ. ಅವನ ಸ್ವಂತ ಅಭಿಪ್ರಾಯ ಏನು ಎಂದು ಕೇಳುವಷ್ಟರಲ್ಲಿ ಅವನು ಅಂಗಡಿಯ ದಾರಿ ಹಿಡಿದಾಗಿತ್ತು.

ಅಣ್ಣನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ನಮ್ಮ ಮನೆಯ ರೂಢಿ. ಅದನ್ನು ಹೇಳಬೇಕಾದರೆ ಮನೆಯ ಕತೆಯನ್ನೇ ಹೇಳಬೇಕು.

ಈ ಮನೆ ಕಟ್ಟಿಸಿದವನು ನಮ್ಮ ಮುತ್ತಜ್ಜ. ನೂರು ವರ್ಷ ಎಂದೋ ದಾಟಿತು. ಅವನು ಉಗಿಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ. ಕೆಲಸ ಬಿಟ್ಟು ಬಂದಾಗ ಅವನಿಗೆ ಗೊತ್ತಿದ್ದದ್ದು ಒಂದೇ ಥರದ ಕಟ್ಟಡ, ಅದಕ್ಕೇ ಅದನ್ನೇ ನೆಲದ ಮೇಲೆ ಕಟ್ಟಿಸಿದ. ಊರವರು ಇದನ್ನು ಹಡಗುಮನೆ ಎನ್ನುತ್ತಾರೆ. ಜಾಗ ಇಳಿಜಾರಿನದು. ಬೀದಿಯಿಂದ ನೋಡಿದರೆ ಒಂದೇ ಅಂತಸ್ತು, ಹಿತ್ತಲಿಂದ ನೋಡಿದರೆ ಎರಡು. ನಡುವೆ ಒಬ್ಬರು ಹೋಗುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕಾದ ಓಣಿಯಂಥ ಹಾದಿ. ಬಿಳಿ ಬಣ್ಣ ಬಳಿದ ಹಲಗೆಯ ಛಾವಣಿ. ಹೊಸ್ತಿಲುಗಳೋ ಮೊಣಕಾಲಿನ ಹತ್ತಿರಕ್ಕೆ ಬರುತ್ತವೆ, ಸಮುದ್ರದ ನೀರು ಒಳಗೆ ನುಗ್ಗದಿರಲಿ ಎಂದು! ಸಮುದ್ರ ಎಲ್ಲಿದೆ ಮಹರಾಯ ಇಲ್ಲಿ? ನಮ್ಮ ಮನೆಗೆ ಬಂದ ನೆಂಟರೆಲ್ಲ ಒಮ್ಮೆಯಾದರೂ ಎಡವಿ ಬಿದ್ದೇ ನೆಂಟರಾದದ್ದು.

ಎಲ್ಲಕ್ಕಿಂತ ವಿಚಿತ್ರ ಅಡುಗೆಮನೆ. ಅದು ಮನೆಯ ಮುಂಭಾಗದಲ್ಲಿದೆ. ಅರ್ಧವೃತ್ತವಾಗಿ ಬೀದಿಯ ಕಡೆಗೆ ಉಬ್ಬಿಕೊಂಡಿದೆ, ಸುತ್ತಲೂ ಸಾಲಾಗಿ ಕಿಟಕಿಗಳು. ಕಿಟಕಿಯ ಬುಡದಲ್ಲಿ ಒಂದು ಗೇಣು ಎತ್ತರದ ಮರದ ಮೆಟ್ಟಿಲು. ನೀರಿನ ಕೊಡ ಇಡುವುದಕ್ಕೆ ಎಂದು ನಾವು ತಿಳಿದಿದ್ದೆವು. ಆ ಕಾಲದಲ್ಲಿ ಯಾರಾದರೂ ಅಡುಗೆಮನೆಯನ್ನು ಬೀದಿಗೆ ಮುಖ ಮಾಡಿ ಕಟ್ಟಿಸುತ್ತಿದ್ದರೇ? ಮೇಸ್ತ್ರಿ ನಕ್ಷೆಯನ್ನು ಹಿಂದುಮುಂದಾಗಿ ಹಿಡಿದುಕೊಂಡಿದ್ದ, ಗೋಡೆ ಎದ್ದ ಮೇಲೆ ಮುತ್ತಜ್ಜ ಹಣೆ ಚಚ್ಚಿಕೊಂಡ ಎಂದು ನಮ್ಮಲ್ಲಿ ಹೇಳುತ್ತಾ ಬಂದಿದ್ದಾರೆ. ನಾನೂ ಇದನ್ನು ಬಂದವರಿಗೆಲ್ಲ ನಟಿಸಿ ತೋರಿಸಿದ್ದೇನೆ.

ಕೆಳಗೆ, ಹಿತ್ತಲ ಕಡೆ, ಮುತ್ತಜ್ಜನ ಕೋಣೆ. ಗುಂಡಗಿನ ಹಿತ್ತಾಳೆ ಕಟ್ಟಿನ ಕಿಟಕಿಗಳು, ಒಂದು ಹೊಗೆಗೂಡು, ಗೋಡೆಯಲ್ಲಿ ಆಳವಾದ ಒಂದು ಗೂಡು. ನಾವು ಅದನ್ನು ಕ್ಯಾಪ್ಟನ್ ಕೋಣೆ ಎನ್ನುತ್ತೇವೆ. ಅಪ್ಪ ಅಲ್ಲಿದ್ದ, ಈಗ ನಾನಿದ್ದೇನೆ. ಗೂಡಿನಲ್ಲಿ ನನ್ನ ಶಾಲೆಯ ಹುಡುಗಿಯರು ಗೆದ್ದ ಕಪ್‌ಗಳು ಇವೆ. ಆ ಕೋಣೆಯಿಂದ ಗೋಡೆಯೊಳಗೇ ಹಾದು ಅಡುಗೆಮನೆಯವರೆಗೆ ಒಂದು ಹಿತ್ತಾಳೆಯ ಕೊಳವೆ ಹೋಗುತ್ತದೆ. ಎರಡೂ ತುದಿಗೆ ಆಲಿಕೆಯಂಥ ಬಾಯಿ. ಟೆಲಿಫೋನು ಇಲ್ಲದ ಕಾಲದಲ್ಲಿ ಹಡಗಿನಲ್ಲಿ ಮೇಲಿನವರು ಕೆಳಗಿನವರಿಗೆ ಅಪ್ಪಣೆ ಕೊಡುತ್ತಿದ್ದದ್ದು ಇಂಥ ಕೊಳವೆಯಲ್ಲೇ. ಎಂಜಿನ್ನಿನ ಗದ್ದಲದಲ್ಲಿ ತಪ್ಪು ಕೇಳಿಸಿದರೆ ಹಡಗು ಬಂಡೆಗೆ ಹೋಗಿ ಬಡಿಯುತ್ತದೆ. ಅದಕ್ಕೇ ಕೇಳಿಸಿಕೊಂಡವನು ಮೊದಲು ಅದೇ ಮಾತನ್ನು ತಿರುಗಿ ಹೇಳಬೇಕು. ಬರೀ ಕಿವಿಗೆ ಬಿತ್ತು ಎಂದಾದರೆ ಕೊನೆಗೆ 'ಕೇಳಿಸ್ತು' ಎನ್ನಬೇಕು. ಹೇಳಿದ ಹಾಗೆ ಮಾಡುತ್ತೇನೆ ಎಂದಾದರೆ 'ಆಯ್ತು' ಎನ್ನಬೇಕು.

ಮುತ್ತಜ್ಜ ಆ ಕಟ್ಟಳೆಯನ್ನು ಮನೆಗೂ ತಂದ. ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ಹಾಗೆಯೇ ಮಾತಾಡುವುದು. "ಛತ್ರಿ ತಗೊಂಡು ಹೋಗು." "ಛತ್ರಿ ತಗೊಂಡು ಹೋಗು, ಆಯ್ತು." ಜಗಳದಲ್ಲೂ ಇದೇ. ನೀನು ಕತ್ತೆ ಎಂದರೆ, "ನೀನು ಕತ್ತೆ, ಕೇಳಿಸ್ತು" ಎಂದು ಹೇಳಿಯೇ ಮುಂದಿನ ಬೈಗುಳಕ್ಕೆ ಹೋಗಬೇಕು. ಅಷ್ಟರಲ್ಲಿ ಇಬ್ಬರಿಗೂ ನಗು ಬಂದಿರುತ್ತದೆ.

ಇದಕ್ಕೆ ಜಗ್ಗದವರು ಅತ್ತಿಗೆ ಒಬ್ಬರೇ. ಅವರು ಮದುವೆಯಾಗಿ ಬಂದ ಹೊಸತರಲ್ಲಿ ನಾನಿನ್ನೂ ಕಾಲೇಜು ಹುಡುಗಿ, ಪರೀಕ್ಷೆಗೆ ಓದಲು ಕೆಳಗಿನ ಕೋಣೆ ಹಿಡಿದಿದ್ದೆ. ಅಲ್ಲಿನ ಕೊಳವೆಯ ಬಾಯಿಗೆ ಸರಪಳಿಯಲ್ಲಿ ಒಂದು ಹಿತ್ತಾಳೆಯ ಬಿರಡೆ, ಅದರಲ್ಲೇ ಪುಟ್ಟ ಸೀಟಿ. ಸೀಟಿ ನನ್ನ ಕಡೆ ಇದೆ ಎಂದ ಮೇಲೆ ಊದುವವಳು ನಾನೇ ತಾನೇ? ಊದಿದೆ. "ಕ್ಯಾಪ್ಟನ್ ಕೋಣೆಗೆ ಒಂದು ಚಹಾ!" ಎಂದು ಕೂಗಿದೆ. ತಿರುಗಿ ಹೇಳುವ ಬದಲು ಮೇಲಿನಿಂದ, "ನಾನೇನು ಗಿಣಿನಾ? ನಿನಗೇನು ಕಾಲಿಲ್ವಾ?" ಎಂದು ಬಂತು. ಆಮೇಲೆ ಕೊಳವೆಯಲ್ಲಿ ಏನೋ ತುರುಕಿದ ಸದ್ದು. ಅವತ್ತಿಗೆ ಅದರ ಬಾಯಿ ಮುಚ್ಚಿತು. ಅತ್ತಿಗೆ ಅಷ್ಟು ವರ್ಷದಲ್ಲಿ ಒಮ್ಮೆಯೂ ಯಾರ ಮಾತನ್ನೂ ತಿರುಗಿ ಹೇಳಿರಲಿಲ್ಲ.

ಹೀಗಿರುವಾಗ, ಅತ್ತಿಗೆ ಪೆಟ್ಟಿಗೆ ಕಟ್ಟಲು ಶುರುಮಾಡಿದ ವಾರವೇ, ಅಳತೆಪಟ್ಟಿ ಹಿಡಿದುಕೊಂಡು ಒಬ್ಬಳು ಬಂದಳು. ಊರಿನ ಹಳೆಯ ಕಟ್ಟಡಗಳ ಸಮಿತಿಯವರು ನಮ್ಮ ಗೇಟಿಗೆ ಒಂದು ಫಲಕ ಹಾಕುತ್ತಾರಂತೆ. ಅದರ ಮೇಲೆ ಬರೆಯುವುದಕ್ಕೆ ಮನೆಯನ್ನು ನೋಡಿ, ಅಳೆದು, ಚರಿತ್ರೆ ಕೇಳಬೇಕಂತೆ. ಕಟ್ಟಡಶಾಸ್ತ್ರ ಕಲಿಸುವವಳು, ಸೊಂಟದಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್. ನಾನು ಮನಸ್ಸಿನಲ್ಲೇ ಟೇಪಮ್ಮ ಎಂದು ಹೆಸರಿಟ್ಟೆ.

"ನೀವು ನಂಗೆ ಡ್ರಿಲ್ ಟೀಚರ್ ಆಗಿದ್ರಿ," ಎಂದಳು ಟೇಪಮ್ಮ. "ನಕ್ಕಿದ್ದಕ್ಕೆ ಮೈದಾನದ ಸುತ್ತ ಓಡಿಸಿದ್ರಿ."

"ಯಾಕೆ ನಕ್ಕೆ?"

"ನೆನಪಿಲ್ಲ ಟೀಚರ್. ಓಡಿದ್ದು ನೆನಪಿದೆ."

ಅಡುಗೆಮನೆಗೆ ಕರೆದುಕೊಂಡು ಹೋಗಿ ನಕ್ಷೆಯ ಕತೆ ನಟಿಸಿ ತೋರಿಸಿದೆ, ಹಣೆ ಕೂಡ ಚಚ್ಚಿಕೊಂಡೆ. ಅತ್ತಿಗೆ ಪಾತ್ರೆಗಳನ್ನು ಹಳೆ ಕಾಗದದಲ್ಲಿ ಸುತ್ತುತ್ತಾ, "ಬರ್ಕೊಳ್ಳಮ್ಮ. ಒಬ್ಬ ಮೇಸ್ತ್ರಿ ಮಾಡಿದ ತಪ್ಪಿಗೆ ಈ ಮನೆ ಸೊಸೆಯರೆಲ್ಲ ಬೀದಿಗೆ ಮುಖ ಕೊಟ್ಟು ಬೇಯಬೇಕಾಯ್ತು ಅಂತ ಬರಿ. ಕೆಳಗಡೆ ಕ್ಯಾಪ್ಟನ್ ತಂಪಾಗಿ ಕೂತಿರ್ತಾರೆ. ಇಲ್ಲಿ ನಾವು ಕಲ್ಲಿದ್ದಲು ಹಾಕೋರು," ಎಂದರು.

"ಕ್ಯಾಪ್ಟನ್ ಯಾರು?" ಎಂದು ಟೇಪಮ್ಮ ಕೇಳಿದಳು.

"ಇನ್ಯಾರು?" ಎಂದು ಅತ್ತಿಗೆ ಸೌಟಿನಿಂದ ನನ್ನನ್ನು ತೋರಿಸಿದರು.

ಅಷ್ಟರಲ್ಲಿ ಹೊರಗೆ ತರಕಾರಿ ಗಾಡಿ ನಿಂತಿತು. ಅತ್ತಿಗೆ ಆ ಮರದ ಮೆಟ್ಟಿಲು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನಿನ್ನೆಯ ಬದನೆಕಾಯಿ ಹುಳುಕು ಎಂದು ಗಾಡಿಯವನಿಗೆ ಹೇಳಿ, ಎದುರು ಮನೆಯ ಮಗುವಿಗೆ ಚಪ್ಪಲಿ ಅದಲುಬದಲು ಆಗಿದೆ ಎಂದು ತಿಳಿಸಿ, ಅಂಚೆಯವನಿಗೆ ಮೂಲೆಮನೆಯವರು ಊರಲ್ಲಿಲ್ಲ ಎಂದು ಕೂಗಿ, ಕೆಳಗಿಳಿದು ಮತ್ತೆ ಪಾತ್ರೆ ಸುತ್ತತೊಡಗಿದರು. ಅವರು ಆ ಕಿಟಕಿ ತೆರೆಯದೆ ನಮ್ಮ ಬೀದಿಯಲ್ಲಿ ಯಾವ ಕೆಲಸವೂ ಸರಿಯಾಗಿ ಶುರುವಾಗುವುದಿಲ್ಲ. ಟೇಪಮ್ಮ ಪೆನ್ಸಿಲ್ ಕಚ್ಚಿಕೊಂಡು ಅವರನ್ನೇ ನೋಡುತ್ತಿದ್ದಳು. ಆಮೇಲೆ ಬಗ್ಗಿ ಮೆಟ್ಟಿಲ ಎತ್ತರ ಅಳೆದಳು. ಪಕ್ಕದಲ್ಲೇ ಇದ್ದ ಕೊಳವೆಯ ಬಾಯಿ ನೆಲದಿಂದ ಎಷ್ಟು ಮೇಲಿದೆ ಎಂದೂ ಅಳೆದಳು.

"ನಿಮ್ಮ ಮುತ್ತಜ್ಜಿ ಕುಳ್ಳಿಯಾ?"

"ಫೋಟೋದಲ್ಲಿ ಮುತ್ತಜ್ಜನ ಮೊಣಕೈಗೆ ಬರ್ತಾಳೆ," ಎಂದೆ. ಯಾಕೆ ಕೇಳಿದಳೋ, ನನಗೆ ತಲೆಬುಡ ತಿಳಿಯಲಿಲ್ಲ.

ಏಣಿಯಂಥ ಮೆಟ್ಟಿಲಿಳಿದು ಕ್ಯಾಪ್ಟನ್ ಕೋಣೆಗೆ ಬಂದೆವು. ಇಲ್ಲಿ ನಾನು ಎದೆ ಉಬ್ಬಿಸಿ ನಿಂತೆ. ಜೀವನವೆಲ್ಲ ಮೇಲಿನವರ ಅಪ್ಪಣೆ ಕೇಳಿ ಕೇಳಿ ಸಾಕಾಗಿದ್ದ ಮುತ್ತಜ್ಜ ಮನೆಯಲ್ಲಾದರೂ ತಾನೇ ಅಪ್ಪಣೆ ಕೊಡಬೇಕು ಎಂದು ಈ ಕೊಳವೆ ಹಾಕಿಸಿದ, ಇಲ್ಲಿ ಕೂತು ಸೀಟಿ ಊದಿದರೆ ಮೇಲೆ ಮುತ್ತಜ್ಜಿ ಓಡೋಡಿ ಬರುತ್ತಿದ್ದಳು ಎಂದು ಹೇಳಿದೆ. ಹೊಗೆಗೂಡು ಅವನಿಗೆ ಚಳಿ ಆಗದಿರಲಿ ಎಂದು ಮಾಡಿಸಿದ್ದು ಎಂದೂ ಸೇರಿಸಿದೆ.

ಟೇಪಮ್ಮ ಕಪ್‌ಗಳನ್ನು ಒಂದೊಂದಾಗಿ ಇಳಿಸಿ ಗೂಡಿನೊಳಗೆ ತಲೆ ಹಾಕಿದಳು. ಗೋಡೆ ತಟ್ಟಿದಳು. ಪೆನ್ಸಿಲಿನಿಂದ ಸುಣ್ಣದ ಹೆಕ್ಕಳೆ ಸ್ವಲ್ಪ ಕೆದಕಿದಳು. ಒಳಗಿಂದ ಮಸಿ ಉದುರಿತು, ಮಸಿಯ ಹಿಂದೆ ಕತ್ತರಿಸಿ ಮುಚ್ಚಿದ್ದ ಕಬ್ಬಿಣದ ಪೈಪಿನ ತುದಿಗಳು ಕಂಡವು.

"ಟೀಚರ್, ಇದು ಬಾಯ್ಲರ್ ಇಟ್ಟಿದ್ದ ಗೂಡು. ಬೆಂಕಿ ಇಲ್ಲಿ ಹಾಕ್ತಿದ್ರು. ಬಿಸಿನೀರು ಈ ಪೈಪಲ್ಲಿ ಮೇಲೆ ಅಡುಗೆಮನೆಗೆ ಹೋಗ್ತಿತ್ತು, ಆ ಪೈಪಲ್ಲಿ ಬಚ್ಚಲಿಗೆ."

"ಇಲ್ಲಿ ಬೆಂಕಿ ಹಾಕ್ತಿದ್ದೋರು ಯಾರು?"

"ಈ ಕೋಣೇಲಿ ಇದ್ದೋರು."

ಟೇಪಮ್ಮ ಕೊಳವೆಯ ಬಿರಡೆ ಎಳೆದು ಅಂಗೈಯಲ್ಲಿ ಇಟ್ಟುಕೊಂಡು ಸೀಟಿಯನ್ನು ತಿರುಗಿಸಿ ನೋಡಿದಳು. "ಇದನ್ನ ನೀವು ಹೇಗೆ ಊದ್ತಿದ್ರಿ?"

ತೋರಿಸಿದೆ. ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ ಊದಿದರೆ ಪುಸ್ ಎಂದಿತು. ಟೇಪಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೈದಾನದಲ್ಲಿ ನಕ್ಕಿದ್ದೂ ಇದೇ ಥರ ಇರಬೇಕು.

"ಟೀಚರ್, ಓಡಿಸಬೇಡಿ. ಇದು ನೀವು ಊದೋ ಸೀಟಿ ಅಲ್ಲ. ಆ ತುದೀಲಿ ಇದ್ದೋರು ಕೊಳವೆಗೆ ಊದಿದ್ರೆ ಗಾಳಿ ಬಂದು ಈ ತುದೀಲಿ ಸೀಟಿ ಕೂಗುತ್ತೆ. ಸೀಟಿ ಇರೋದು ಕರೆಯೋರ ಕಡೆ ಅಲ್ಲ, ಕರೆಸಿಕೊಳ್ಳೋರ ಕಡೆ. ಮೇಲಿನ ತುದೀಲಿ ಸೀಟಿ ಇಲ್ಲ, ಬರೀ ಮುಚ್ಚಳ, ನೋಡಿದೆ. ಅಂದ್ರೆ ಇಲ್ಲಿಂದ ಮೇಲಿನವರನ್ನ ಕರೆಯೋಕೆ ದಾರೀನೇ ಇರಲಿಲ್ಲ."

ಜೀವನವೆಲ್ಲ ಸೀಟಿ ಊದಿ ಅನ್ನ ತಿಂದವಳು, ಒಂದು ಸೀಟಿಯ ಹಿಂದುಮುಂದು ಗೊತ್ತಾಗಲಿಲ್ಲವಲ್ಲ!

"ಹಾಗಾದ್ರೆ ಅಡುಗೆಮನೆ..."

"ಕ್ಯಾಪ್ಟನ್ ನಿಲ್ಲೋ ಜಾಗ," ಎಂದಳು ಟೇಪಮ್ಮ. "ಹಡಗಲ್ಲಿ ಅದು ಮುಂದೇನೇ ಇರಬೇಕು, ಸುತ್ತ ಕಿಟಕಿ ಇರಬೇಕು. ಮೇಸ್ತ್ರಿ ನಕ್ಷೆ ಸರಿಯಾಗೇ ಹಿಡ್ಕೊಂಡಿದ್ದ. ಆ ಮೆಟ್ಟಿಲು ಕೊಡಕ್ಕಲ್ಲ, ನಿಮ್ಮ ಮುತ್ತಜ್ಜಿಗೆ. ಅದರ ಮೇಲೆ ನಿಂತ್ರೆ ಕಣ್ಣು ಕಿಟಕಿಗೆ ಬರುತ್ತೆ, ಬಾಯಿ ಕೊಳವೆಗೆ ಬರುತ್ತೆ. ಎಂಜಿನ್ ಕೋಣೆ ಇದು, ನಾವು ನಿಂತಿರೋದು."

ನಾನು ಮಂಚದ ಮೇಲೆ ಕೂತೆ. ಮುತ್ತಜ್ಜ ವರ್ಷಗಟ್ಟಲೆ ನೀರಿನ ಮೇಲಿದ್ದಾಗ ಮನೆ ನಡೆಸಿದವಳು ಆ ಮೊಣಕೈ ಎತ್ತರದ ಹೆಂಗಸು. ಕೆಲಸ ಬಿಟ್ಟು ಬಂದವನು ಅವಳ ಜಾಗ ಕಿತ್ತುಕೊಳ್ಳಲಿಲ್ಲ. ಅದನ್ನು ಗಾಜಿನಿಂದ ಸಿಂಗರಿಸಿ, ಮನೆಯ ಮೂತಿಗೇ ತಂದಿಟ್ಟ. ತಾನು ಕೆಳಗಿಳಿದು, ತನಗೆ ಗೊತ್ತಿದ್ದ ಕೆಲಸ ಮಾಡಿದ. ಬೆಂಕಿ ಹಾಕಿದ, ಸೀಟಿ ಕೂಗಿದಾಗ ಎದ್ದು ಬಂದು ಅವಳ ಮಾತನ್ನು ತಿರುಗಿ ಹೇಳಿದ. ಅವನ ಮೇಲೆ ನನಗೆ ಎಂಥ ಪ್ರೀತಿ ಬಂತೆಂದರೆ, ಎದುರಿಗಿದ್ದಿದ್ದರೆ ಬೆನ್ನು ತಟ್ಟುತ್ತಿದ್ದೆ. ನಮ್ಮ ತಾತನ ಕಾಲಕ್ಕೆ ಬಾಯ್ಲರ್ ಹೋಯಿತು, ಕೋಣೆಗೆ ಗಂಡಸರು ಬಂದು ಕೂತರು, ಕೂತವರು ತಮಗೆ ಬೇಕಾದ ಕತೆ ಕಟ್ಟಿಕೊಂಡರು. ನಾನು ಅದಕ್ಕೆ ಚಹಾ ಬೇರೆ ಸೇರಿಸಿದೆ.

ಮೇಲೆ ಹೋಗಿ ಅತ್ತಿಗೆಗೆ ಹೇಳಬೇಕಲ್ಲ. ನಾನು ಟೇಪಮ್ಮನನ್ನು ಮುಂದೆ ತಳ್ಳಿದೆ, ಅವಳೇ ಹೇಳಿದಳು. ಅಣ್ಣ ಊಟಕ್ಕೆ ಬಂದಿದ್ದ, ಅವನು ಒಂದೊಂದು ವಾಕ್ಯವನ್ನೂ ತಿರುಗಿ ಹೇಳುತ್ತಾ ಹೋದದ್ದರಿಂದ ಅತ್ತಿಗೆಗೆ ಎಲ್ಲವೂ ಎರಡೆರಡು ಸಲ ಕೇಳಿಸಿತು. ಅವರು ಕಾಗದ ಸುತ್ತಿದ ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗಳ ಸಾಲನ್ನೇ ನೋಡಿದರು.

"ಇಷ್ಟು ವರ್ಷ ನಂಗೆ ಯಾರೂ ಹೇಳಲಿಲ್ಲವಲ್ಲ," ಎಂದರು.

"ನಮಗೂ ಗೊತ್ತಿರಲಿಲ್ಲ ಅತ್ತಿಗೆ," ಎಂದೆ.

"ಗೊತ್ತಿದ್ದಿದ್ರೆ ಹೇಳ್ತಿದ್ಯಾ?"

"ಇಲ್ಲ," ಎಂದೆ. ಸುಳ್ಳು ಯಾಕೆ?

ಅತ್ತಿಗೆಗೆ ನಗು ಬಂತು. ಮೊದಲು ಭುಜ ಅಲುಗಿತು, ಆಮೇಲೆ ಬಾಣಲೆ ಅಲುಗಿತು, ಆಮೇಲೆ ಮನೆಯೇ ಅಲುಗುವ ಹಾಗೆ ನಕ್ಕರು. ಎದ್ದು ಕೊಳವೆಯ ಮುಚ್ಚಳ ತೆಗೆದು, ಇಕ್ಕಳ ಹಾಕಿ, ಒಳಗಿಂದ ಧೂಳು ಹಿಡಿದ ಒಂದು ಬಟ್ಟೆಯನ್ನು ಎಳೆದರು. ಎಳೆದಷ್ಟೂ ಉದ್ದ ಬಂತು.

"ನನ್ನ ಮದುವೆ ಕಾಲುಚೀಲ!" ಎಂದ ಅಣ್ಣ. ತನ್ನ ಬದುಕಿನಲ್ಲಿ ಯಾರೂ ಹೇಳದ ಮಾತನ್ನು ತಾನಾಗಿ ಅವನು ಹೇಳಿದ್ದು ಅಂದೇ ಮೊದಲಿರಬೇಕು. "ಇದರ ಜೋಡೀನ ನಾನಿನ್ನೂ ಇಟ್ಕೊಂಡಿದೀನಿ!"

ಅತ್ತಿಗೆ ಕೊಳವೆಯ ಬಾಯನ್ನು ಸೆರಗಿನಲ್ಲಿ ತಿಕ್ಕಿ ಒರೆಸಿದರು. ಸೆರಗು ಸಿಕ್ಕಿಸಿದರು. ಮರದ ಮೆಟ್ಟಿಲು ಹತ್ತಿ ನಿಂತು ನನ್ನ ಕಡೆ ತಿರುಗಿದರು. "ಪೀಪಿ, ಕೆಳಗೆ ಹೋಗು."

"ಕೆಳಗೆ ಹೋಗು, ಆಯ್ತು," ಎಂದು ಇಳಿದು ಹೋದೆ.

ಬಿರಡೆಯನ್ನು ಅದರ ಜಾಗಕ್ಕೆ ಸಿಕ್ಕಿಸಿ ಕಾದೆ. ಕೂಗಿತು ನೋಡಿ! ನನ್ನ ಶಾಲೆಯ ಸೀಟಿ ಅದರ ಮುಂದೆ ಏನೇನೂ ಅಲ್ಲ. ಗೂಡಿನ ಮಸಿ ಉದುರಿತು, ಹಿತ್ತಲ ಮರದ ಮೇಲಿದ್ದ ಕಾಗೆ ಹಾರಿಹೋಯಿತು. ಬಿರಡೆ ಎಳೆದು ಕಿವಿ ಇಟ್ಟೆ.

"ಎಂಜಿನ್ ಕೋಣೆ!" ಅತ್ತಿಗೆಯ ದನಿ ಕಿವಿಯಲ್ಲೇ ಕೂತು ಮಾತಾಡಿದ ಹಾಗಿತ್ತು. "ಮೇಲೆ ಬಂದು ಎಲ್ಲರಿಗೂ ಚಹಾ ಮಾಡು."

ಕಿವಿ ತೆಗೆದು ಬಾಯಿ ಇಟ್ಟೆ. "ಮೇಲೆ ಬಂದು ಎಲ್ಲರಿಗೂ ಚಹಾ ಮಾಡು, ಆಯ್ತು."

ಮೇಲೆ ಎಲ್ಲರೂ ನಗುವುದು ಕೇಳಿಸಿತು. ಬಿರಡೆ ಹಾಕಿ ಮೆಟ್ಟಿಲು ಹತ್ತಬೇಕಿತ್ತು ನಾನು. ಹತ್ತಲಿಲ್ಲ. ಬಾಯಿ ಇನ್ನೂ ಕೊಳವೆಯ ಹತ್ತಿರವೇ ಇತ್ತು, ಎದುರಿಗೆ ಗೋಡೆ ಬಿಟ್ಟರೆ ಯಾರ ಮುಖವೂ ಇರಲಿಲ್ಲ. ನನಗೆ ಮುಖ ಕಂಡರೆ ತಾನೇ ಕೋಪ ಬರುವುದು?

"ಅತ್ತಿಗೆ," ಎಂದೆ. "ಹೋಗಬೇಡಿ. ನೀವು ಹೋದ್ರೆ ನಂಗೆ ಯಾರೂ ಇಲ್ಲ. ಅವತ್ತು ಬಾಯಿಗೆ ಬಂದಿದ್ದು ಹೇಳಿದೆ, ಮನಸ್ಸಲ್ಲಿದ್ದಿದ್ದು ಇದು."

ಕಿವಿ ಇಟ್ಟೆ. ಮೇಲಿನ ನಗು ನಿಂತಿತ್ತು. ಕೊಳವೆಯಲ್ಲಿ ಗಾಳಿಯ ಸದ್ದು, ಅದರಾಚೆ ಬೀದಿಯಲ್ಲಿ ಯಾವುದೋ ಸೈಕಲ್ಲಿನ ಗಂಟೆ. ಇನ್ನೇನು ನನ್ನ ಮಾನ ಹರಾಜಾಯಿತು, ಮೇಲೆ ಹೋಗಿ ಏನಾದರೂ ತಮಾಷೆ ಮಾಡಿ ಮುಚ್ಚಿಹಾಕಬೇಕು ಎಂದುಕೊಳ್ಳುತ್ತಿದ್ದೆ. ಆಗ ಕೊಳವೆ ಕೆಮ್ಮಿತು.

"ಅತ್ತಿಗೆ, ಹೋಗಬೇಡಿ," ಎಂದರು ಅತ್ತಿಗೆ.

ಅವರು ನಿಧಾನವಾಗಿ, ಮೊದಲ ಸಲ ಓದಲು ಕಲಿಯುವವರ ಹಾಗೆ ಒಂದೊಂದೇ ಮಾತು ಎತ್ತಿಟ್ಟರು. "ನೀವು ಹೋದ್ರೆ ನಂಗೆ ಯಾರೂ ಇಲ್ಲ. ಅವತ್ತು ಬಾಯಿಗೆ ಬಂದಿದ್ದು ಹೇಳಿದೆ." ಇಲ್ಲಿ ಅವರ ದನಿ ಒಡೆಯಿತು. "ಮನಸ್ಸಲ್ಲಿದ್ದಿದ್ದು ಇದು."

ಇನ್ನೊಂದು ಮಾತು ಬಾಕಿ ಇತ್ತು. 'ಕೇಳಿಸ್ತು' ಎಂದರೂ ಸಾಕು, ಅಷ್ಟಕ್ಕೇ ನಾನು ಪುಣ್ಯವಂತೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ಅವರು ಮೂಗು ಒರೆಸಿಕೊಂಡ ಸದ್ದು ಕೂಡ ಕೊಳವೆ ಬಿಡದೆ ತಂದು ಕೊಟ್ಟಿತು.

"ಆಯ್ತು," ಎಂದರು ಅತ್ತಿಗೆ. "ಚಹಾಕ್ಕೆ ಸಕ್ಕರೆ ಕಮ್ಮಿ ಹಾಕು."